ಸಿಂಗಪುರದ ಅಂಗಡಿಮನೆ

ಸಿಂಗಪುರದ ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ ಎನ್ನುವಂತೆ ಕಟ್ಟಿದ ಎರಡು ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡಗಳೇ ಅಂಗಡಿಮನೆಗಳು. ಮುಖದ ಅಗಲ ಸಾಮಾನ್ಯವಾಗಿ 4ರಿಂದ 6 ಮೀಟರ್. ಉದ್ದ ಅದರ ಹಲವು ಪಟ್ಟು. ದಕ್ಷಿಣ ಚೀನದ ವಲಸಿಗರು ಹೊತ್ತು ತಂದ ಮಾದರಿ ಇದು ಎಂದು ಹೇಳುವುದು ರೂಢಿ. ಅದು ಅರ್ಧ ಮಾತ್ರ ನಿಜ. ಒಳಮನೆಯ ಏರ್ಪಾಡು ಅವರದು. ಬೀದಿಗೆ ಕಾಣುವ ಕಟ್ಟಡವನ್ನು ರೂಪಿಸಿದ್ದು ಪಟ್ಟಣದ ಕಾನೂನು. ಬ್ರಿಟಿಷ್ ಆಡಳಿತಗಾರ ಸ್ಟ್ಯಾಂಫರ್ಡ್ ರಾಫಲ್ಸ್ 1822ರಲ್ಲಿ ಪಟ್ಟಣ ಸಮಿತಿಗೆ ಕೊಟ್ಟ ಸೂಚನೆಯಲ್ಲಿ ಇಟ್ಟಿಗೆ, ಹೆಂಚಿನ ಮನೆಗಳ ಮುಖ ಒಂದೇ ಬಗೆಯದಾಗಿರಬೇಕು, ಪ್ರತಿ ಮನೆಯೂ ಮುಂದೆ ಜಗಲಿ ಬಿಡಬೇಕು, ಆ ಜಗಲಿಗಳು ಕೂಡಿ ಬೀದಿಯುದ್ದಕ್ಕೂ ನೆರಳಿನ ನಡೆದಾರಿಯಾಗಬೇಕು ಎಂದಿತ್ತು. ಮುಂದೆ ‘ಐದಡಿ ದಾರಿ’ ಎಂದು ಹೆಸರಾದದ್ದು ಇದೇ.

ಕಿರಿದಾದ ಉದ್ದನೆಯ ಅಂಗಡಿಗಳು ಚೀನದ ಬಂದರು ಪಟ್ಟಣಗಳಲ್ಲಿ ಮೊದಲೇ ಇದ್ದವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದ್ದವು, ನಿಜ. ನಮ್ಮ ತೊಟ್ಟಿಮನೆಯಂತೆ ನಡುವೆ ಬಯಲು ಬಿಟ್ಟು ಗಾಳಿ ಬೆಳಕು ಬರಮಾಡಿಕೊಳ್ಳುವ ‘ಗಾಳಿಬಾವಿ’ಯ ಕ್ರಮವೂ ಅಲ್ಲಿಂದಲೇ ಬಂತು. ಆದರೆ ಸಾಲಿನ ಮನೆಯವರೆಲ್ಲ ತಮ್ಮ ಜಾಗದಲ್ಲೇ ದಾರಿಹೋಕರಿಗೆ ದಾರಿ ಬಿಡುವುದು ಬರೀ ಕುಲದ ವಾಡಿಕೆಯಿಂದ ಆಗುವಂಥದ್ದಲ್ಲ. ಕಟ್ಟುವ ಕೈಗಳೂ ಒಂದೇ ಕುಲದವಲ್ಲ: 1819ರಲ್ಲಿ ಪೆನಾಂಗ್‌ನಿಂದ ಬಂದ ನಾರಾಯಣ ಪಿಳ್ಳೆ ಇಲ್ಲಿ ಇಟ್ಟಿಗೆ ಗೂಡು ಹಾಕಿದರು, ಭಾರತದಿಂದ ಸಾಗಿಸಿ ತಂದ ಕೈದಿಗಳೂ ಇಟ್ಟಿಗೆ ಸುಟ್ಟರು. ಆ ಕೈದಿಗಳೇ ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್‌ಗೆ ಮದರಾಸಿನ ಗಾರೆ ಬಳಿದರು. ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿ, ಬೆಲ್ಲ ಸೇರಿಸಿ, ತೆಂಗಿನ ಸಿಪ್ಪೆ ನೆನೆಸಿದ ನೀರಿನಲ್ಲಿ ಕಲಸಿದ ಗಾರೆ ಅದು.

ಮನೆಯ ಅಗಲಕ್ಕೆ ಮಿತಿ ಹಾಕಿದ್ದು ಮರ. ಅಕ್ಕಪಕ್ಕದ ಎರಡು ಮನೆಗೂ ಸೇರಿದ ದಪ್ಪ ಇಟ್ಟಿಗೆ ಗೋಡೆಯೇ ತೊಲೆಗಳಿಗೆ ಆಸರೆ. ನಡುವೆ ಕಂಬವಿಲ್ಲದೆ ತೊಲೆ ಎಷ್ಟು ದೂರ ಚಾಚಬಲ್ಲದೋ ಅಷ್ಟೇ ಮನೆಯ ಅಗಲ. ಬೆಂಕಿ ಬಿದ್ದರೆ ಪಕ್ಕದ ಮನೆಗೆ ಹಬ್ಬದಂತೆ ತಡೆಯುವುದೂ ಆ ಗೋಡೆಯೇ. ಮುಖದ ಮೇಲಿನ ಗಾರೆ ಹೂಬಳ್ಳಿ, ಬಣ್ಣದ ಹೆಂಚುಬಿಲ್ಲೆಗಳನ್ನೇ ನೋಡಿ ಕಾಲ ನಿರ್ಣಯಿಸುವವರು ಈ ಗೋಡೆಯನ್ನು ಅಷ್ಟಾಗಿ ಗಮನಿಸುವುದಿಲ್ಲ.

ಕಾಗದದ ಮೇಲಿನ ನಿಯಮ ಬೀದಿಯಲ್ಲಿ ನಡೆಯಿತೇ ಎಂಬುದು ಚೀನದ ಅಂಗಡಿಗಳ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ವ್ಯಾಪಾರಿಗಳು ಜಗಲಿಯಲ್ಲೇ ಸರಕು ಹರಡುತ್ತಿದ್ದರು. ಅದನ್ನು ತೆರವು ಮಾಡಿಸಹೊರಟಾಗ 1888ರಲ್ಲಿ ಗಲಭೆಯೇ ಎದ್ದಿತು. ಆದರೆ ಜಗಳವಾದದ್ದು ಜಾಗದ ಬಳಕೆಯ ಮೇಲೆ; ಜಗಲಿ ಮಾತ್ರ ಎಲ್ಲೂ ಹೋಗಲಿಲ್ಲ. ಬಳಿಕ ಕಟ್ಟಡದ ಹಿಂಭಾಗವನ್ನು ತಿದ್ದಿದ್ದೂ ಆಡಳಿತವೇ. ಮೇಲಂತಸ್ತುಗಳನ್ನು ಕಿಟಕಿಯಿಲ್ಲದ ಗೂಡುಗಳಾಗಿ ಸೀಳಿ ಬಾಡಿಗೆಗೆ ಕೊಡುತ್ತಿದ್ದುದನ್ನು ಡಾ. ಸಿಂಪ್ಸನ್ ಅವರ 1907ರ ನೈರ್ಮಲ್ಯ ವರದಿ ಖಂಡಿಸಿತು. ಬೆನ್ನಿಗೆ ಬೆನ್ನು ಹಚ್ಚಿದ ಸಾಲುಗಳ ನಡುವೆ ಹಿತ್ತಲ ಓಣಿ ಬಿಡಿಸುವ ಕೆಲಸ ಆಮೇಲೆ ಶುರುವಾಯಿತು. 1947ರ ಬಾಡಿಗೆ ನಿಯಂತ್ರಣದಿಂದ ಮಾಲೀಕರಿಗೆ ದುರಸ್ತಿಯಲ್ಲಿ ಲಾಭ ಕಾಣಲಿಲ್ಲ. 1989ರಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ, ಕಾಂಪೊಂಗ್ ಗ್ಲಾಮ್ ಸಂರಕ್ಷಿತ ಪ್ರದೇಶಗಳಾದವು. ಅಲ್ಲಿ ಮುಖ, ಮಾಡು, ಜಂಟಿ ಗೋಡೆ, ಗಾಳಿಬಾವಿಗಳನ್ನು ಉಳಿಸಿಕೊಳ್ಳುವುದು ಈಗ ಕಡ್ಡಾಯ. ವಾಸದ ಅಂತಸ್ತು ಕಚೇರಿಯಾದರೆ ಅಡ್ಡಿಯಿಲ್ಲ.