ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಚಿನ ಮನೆಗಳಲ್ಲಿ ಮಳೆಗಾಲವೆಂದರೆ ಹಗಲಿನಲ್ಲೂ ಕತ್ತಲೆ. ಜಗುಲಿಯಿಂದ ಒಳಗೆ ತಂದಿಟ್ಟ ಕಾಡುಬಸಳೆಯ ಗಿಡ ಆಷಾಢ ಕಳೆಯುವುದರೊಳಗೆ ಸೊರಗಿ ಉದ್ದವಾಗಿ ಕಿಟಕಿಯತ್ತ ಬಾಗುತ್ತದೆ. ನೀರು ಸಾಲದೆಂದು ಇನ್ನಷ್ಟು ಹೊಯ್ದರೆ ಬೇರೇ ಕೊಳೆತೀತು. ಮಡಗಾಸ್ಕರ್ ಮೂಲದ ಈ ಗಿಡ ಬೇಡುವುದು ಬೆಳಕನ್ನು.

ಇದರ ಸುಳಿವು ಸಿಕ್ಕಿದ್ದು ನಾಲಿಗೆಯಿಂದ! 1800ರ ಸುಮಾರಿಗೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದವನು ಬೆಂಜಮಿನ್ ಹೇಯ್ನ್. ಇದೇ ಗಿಡದ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂಬ ಆತನ ಪತ್ರ 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಬಂತು. ಹುಳಿ ಇಳಿಯುವುದಕ್ಕೆ ಬೆಳಕೇ ಕಾರಣವೆಂದು ಆತ ಊಹಿಸಿದ. ಊಹೆ ಬಹುಮಟ್ಟಿಗೆ ಸರಿಯೇ. ಇಂಥ ರಸಭರಿತ ಗಿಡಗಳು ನೀರು ಆವಿಯಾಗದಿರಲೆಂದು ರಾತ್ರಿ ಹೊತ್ತು ಎಲೆಯ ರಂಧ್ರ ತೆರೆದು, ಒಳಬಂದ ಇಂಗಾಲದ ಡೈ ಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಹಗಲು ಬೆಳಕಿನಲ್ಲಿ ಅದನ್ನೇ ಒಡೆದು ಸಕ್ಕರೆ ಮಾಡಿಕೊಳ್ಳುತ್ತವೆ. ಬೆಳಕಿಲ್ಲವೆಂದರೆ ದಿನಸಿ ಇದ್ದೂ ಒಲೆ ಹೊತ್ತದಂತೆ.

ಮಾಡಿನ ನಡುವೆ ಗಾಜಿನ ಹೆಂಚು ಕೂರಿಸಿದ್ದು ಒಳಗಿನವರಿಗೆ ಕಣ್ಣು ಕಾಣಲೆಂದು. ಅದರ ಕೆಳಗೆ ಕುಂಡಕ್ಕೂ ಜಾಗ ಕೊಡಬಹುದು, ಪಾಚಿ ಉಜ್ಜಿದ್ದರೆ. ಮಳೆ ಬಿಟ್ಟೊಡನೆ ಮಾತ್ರ ಗಿಡವನ್ನು ಸುಡುಬಿಸಿಲಿಗೆ ಒಯ್ಯಬೇಡಿ, ಎಲೆ ಸುಡುತ್ತದೆ.