ವಿಷ ತಿಂದು ಕಾನೂನು ತಂದ ಹನ್ನೆರಡು ಗುಮಾಸ್ತರು

"ದಿನಕ್ಕೆ ಒಂದು ಗಂಟೆ ಕೆಲಸ. ತಿಂಡಿ ತಿನ್ನಿ, ಜ್ಯೂಸ್ ಕುಡಿಯಿರಿ, ರುಚಿ ಹೇಗಿದೆ ಹೇಳಿ, ದುಡ್ಡು ಪಡೆಯಿರಿ." ಇಂಥ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದರೆ ಅದು ಮೋಸ, ಅಲ್ಲಿಗೇ ಬಿಟ್ಟುಬಿಡಿ. ಆದರೆ ರುಚಿ ನೋಡುವ ಕೆಲಸ ಅನ್ನುವುದೇ ಸುಳ್ಳಲ್ಲ. 1950ರಲ್ಲಿ ಮೈಸೂರಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ರುಚಿ, ವಾಸನೆ, ಬಣ್ಣಗಳನ್ನು ಅಳೆಯುವುದಕ್ಕೇ ಒಂದು ವಿಭಾಗವಿದೆ. ಕಾಫಿ, ಚಹಾ ವ್ಯಾಪಾರದಲ್ಲಿ ರುಚಿ ನೋಡುವವರ ನಾಲಿಗೆಯ ಮೇಲೆಯೇ ದರ ನಿಲ್ಲುತ್ತದೆ.

ಈ ಕೆಲಸದ ಇತಿಹಾಸ ಕೆದಕುತ್ತಾ ಹೋದಾಗ ನಮಗೆ ಸಿಕ್ಕಿದ ಒಂದು ಕಥೆ ಇದು. ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಊಟದ ಹೊತ್ತಿಗೆ ವಿಷ ಪರೀಕ್ಷೆ ಮಾಡುವವರು. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ನಡೆದದ್ದು.

ರಾಜನ ತಟ್ಟೆಗೆ ಮಾತ್ರ ಕಾವಲು

ಮೊದಲು ರುಚಿ ನೋಡುವವರು ಇದ್ದದ್ದು ಅರಮನೆಯಲ್ಲಿ. ರಾಜನ ಅನ್ನವನ್ನು ಬೆಂಕಿಗೂ ಹಕ್ಕಿಗಳಿಗೂ ಹಾಕಿ ಪರೀಕ್ಷಿಸಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ರೋಮ್‌ನ ಚಕ್ರವರ್ತಿ ಕ್ಲಾಡಿಯಸ್‌ಗೆ ಹಾಲೋಟಸ್ ಎಂಬ ರುಚಿ ನೋಡುವವನಿದ್ದ. ಹಾಗಿದ್ದರೂ ಕ್ರಿ.ಶ. 54ರಲ್ಲಿ ಅವನು ವಿಷದಿಂದಲೇ ಸತ್ತ ಎಂದು ಹಳೆಯ ರೋಮನ್ ಇತಿಹಾಸಕಾರರು ಬರೆದಿದ್ದಾರೆ.

ಉಳಿದ ಜನಕ್ಕೆ ಇಂಥ ಕಾವಲು ಇರಲಿಲ್ಲ, ಅಷ್ಟಾಗಿ ಬೇಕಾಗಿಯೂ ಇರಲಿಲ್ಲ. ಹಾಲು ಕೊಡುವ ಹಸು ಯಾರ ಕೊಟ್ಟಿಗೆಯದು ಅಂತ ಗೊತ್ತಿತ್ತು. ಹಿಟ್ಟು ಬೀಸುವವರು, ಎಣ್ಣೆ ತೆಗೆಯುವ ಗಾಣದವರು ಊರಿನವರೇ. ಹಾಲಿಗೆ ನೀರು ಬೆರೆಸಿದವನಿಗೆ ಮಾರನೇ ದಿನ ಬಾವಿಕಟ್ಟೆಯಲ್ಲಿ ಮರ್ಯಾದೆ ಹೋಗುತ್ತಿತ್ತು.

ರೈಲು ಬಂದು, ಪಟ್ಟಣ ಬೆಳೆದ ಮೇಲೆ ಈ ಲೆಕ್ಕ ತಪ್ಪಿತು. 1800ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಪಟ್ಟಣದವರು ತಿನ್ನುವ ಹಾಲು, ಬೆಣ್ಣೆ, ಮಾಂಸ ನೂರಾರು ಮೈಲಿ ದೂರದಿಂದ ಬರತೊಡಗಿತು. ಇವತ್ತಿನಂತೆ ಮನೆಮನೆಗೆ ಫ್ರಿಜ್ ಇರಲಿಲ್ಲ. ಕೆಡದಂತೆ ಇಡಲು ವ್ಯಾಪಾರಿಗಳು ಕಂಡುಕೊಂಡ ದಾರಿ ರಾಸಾಯನಿಕ.

ಹಾಲಿಗೆ ಫಾರ್ಮಾಲ್ಡಿಹೈಡ್ ಹಾಕುತ್ತಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಹಾವು, ಕಪ್ಪೆ ಮುಳುಗಿಸಿಟ್ಟಿರುವ ಬಾಟಲಿ ನೋಡಿದ್ದೀರಲ್ಲ, ಅದರೊಳಗಿನ ಫಾರ್ಮಲಿನ್ ಇದರದ್ದೇ ದ್ರಾವಣ. ಬೆಣ್ಣೆಗೆ, ಮಾಂಸಕ್ಕೆ ಬೊರಾಕ್ಸ್ ಬೀಳುತ್ತಿತ್ತು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಅದು. ಕಾಳುಮೆಣಸಿನ ಪುಡಿಯಲ್ಲಿ ತೆಂಗಿನ ಚಿಪ್ಪಿನ ಪುಡಿ, ಜೇನುತುಪ್ಪದಲ್ಲಿ ಸಕ್ಕರೆ ಪಾಕ. ಡಬ್ಬಿಯ ಮೇಲೆ ಇದನ್ನೆಲ್ಲ ಬರೆಯಬೇಕು ಎಂಬ ನಿಯಮ ಇಡೀ ದೇಶಕ್ಕೆ ಅನ್ವಯವಾಗುವಂತೆ ಇರಲಿಲ್ಲ. 1879ರಿಂದ ಒಂದಾದ ಮೇಲೊಂದು ಮಸೂದೆ ಅಲ್ಲಿನ ಸಂಸತ್ತಿಗೆ ಬಂದು ಬಿದ್ದುಹೋಗುತ್ತಿತ್ತು. ಕಂಪನಿಗಳ ಕೈ ಅಷ್ಟು ಉದ್ದವಿತ್ತು.

ರೈತನ ಮಗ ಹೂಡಿದ ಉಪಾಯ

ಹಾರ್ವಿ ವೈಲಿ ಎಂಬುವರು 1844ರಲ್ಲಿ ಇಂಡಿಯಾನಾ ರಾಜ್ಯದ ಒಂದು ರೈತ ಕುಟುಂಬದಲ್ಲಿ ಹುಟ್ಟಿದವರು. ವೈದ್ಯಕೀಯ, ರಸಾಯನಶಾಸ್ತ್ರ ಎರಡನ್ನೂ ಓದಿ 1883ರಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆಗೆ ಮುಖ್ಯ ರಸಾಯನಶಾಸ್ತ್ರಜ್ಞರಾಗಿ ಬಂದರು. ಯಾವ ಡಬ್ಬಿಯಲ್ಲಿ ಏನು ಬೆರೆತಿದೆ ಎಂದು ವರ್ಷಗಟ್ಟಲೆ ಪತ್ತೆ ಹಚ್ಚಿ ವರದಿ ಬರೆದರು. ಕಂಪನಿಗಳ ಉತ್ತರ ಒಂದೇ: "ಹೌದು, ಹಾಕುತ್ತೇವೆ. ಅದರಿಂದ ಯಾರಿಗೆ ಏನಾಗಿದೆ, ತೋರಿಸಿ."

ತೋರಿಸಬೇಕಾದರೆ ಯಾರಾದರೂ ತಿನ್ನಲೇಬೇಕು. 1902ರಲ್ಲಿ ಅಲ್ಲಿನ ಸಂಸತ್ತು ಇದಕ್ಕಾಗಿ 5,000 ಡಾಲರ್ ಮಂಜೂರು ಮಾಡಿತು. ವೈಲಿಯವರು ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಅಡುಗೆಮನೆ, ಊಟದ ಕೋಣೆ ಮಾಡಿಸಿ, ಒಬ್ಬ ಬಾಣಸಿಗನನ್ನು ನೇಮಿಸಿ, ಹನ್ನೆರಡು ಯುವಕರನ್ನು ಆರಿಸಿದರು. ಹೆಚ್ಚಿನವರು ಅದೇ ಇಲಾಖೆಯ ಸಣ್ಣ ಸಂಬಳದ ಗುಮಾಸ್ತರು. ಅವರಿಗೆ ಸಿಗುತ್ತಿದ್ದ ಲಾಭ ದಿನಕ್ಕೆ ಮೂರು ಹೊತ್ತು ಬಿಟ್ಟಿ ಊಟ. ತೊಂದರೆಯಾದರೆ ಸರ್ಕಾರದ ಮೇಲೆ ಕೇಸು ಹಾಕುವುದಿಲ್ಲ ಎಂದು ಮುಂಚೆಯೇ ಬರೆದುಕೊಡಬೇಕಿತ್ತು.

ಗಟ್ಟಿಮುಟ್ಟಾದ ಹುಡುಗರನ್ನೇ ಏಕೆ ಆರಿಸಿದರು? ವೈಲಿಯವರ ಲೆಕ್ಕ ಸರಳ. ಕಲ್ಲು ತಿಂದು ಕರಗಿಸುವ ವಯಸ್ಸಿನವರಿಗೇ ಇದು ತೊಂದರೆ ಕೊಟ್ಟರೆ, ಹಾಲು ಕುಡಿಯುವ ಮಗುವಿಗೆ, ವಯಸ್ಸಾದ ಅಜ್ಜಿಗೆ ಇನ್ನೆಷ್ಟು ತೊಂದರೆ!

ಬೆಣ್ಣೆ ಮುಟ್ಟದ ಹುಡುಗರು

1902ರ ಕೊನೆಗೆ ಊಟ ಶುರುವಾಯಿತು. ಊಟಕ್ಕೆ ಮೊದಲು ತೂಕ, ಜ್ವರ, ನಾಡಿ ನೋಡಿ ಬರೆಯುತ್ತಿದ್ದರು. ಹೊರಗೆ ಏನೂ ತಿನ್ನುವಂತಿಲ್ಲ. ಮಲ, ಮೂತ್ರವನ್ನೂ ಸಂಗ್ರಹಿಸಿ ಲ್ಯಾಬಿಗೆ ಕೊಡಬೇಕು. ಕಚೇರಿ ಕೆಲಸ ಮಾತ್ರ ಎಂದಿನಂತೆ ನಡೆಯುತ್ತಿತ್ತು.

ಮೊದಲ ಸರದಿ ಬೊರಾಕ್ಸ್‌ನದು. ಅದನ್ನು ಗುಟ್ಟಾಗಿ ಬೆಣ್ಣೆಯಲ್ಲಿ ಬೆರೆಸಿದರು. ಕೆಲವೇ ದಿನಗಳಲ್ಲಿ ಹುಡುಗರು ಬೆಣ್ಣೆ ಮುಟ್ಟುವುದನ್ನು ಬಿಟ್ಟರು. ಬೇರೆ ಪದಾರ್ಥಕ್ಕೆ ಬದಲಾಯಿಸಿ ನೋಡಿದರೂ ಅದೇ ಕಥೆ, ಯಾವುದರಲ್ಲಿದೆ ಎಂದು ಅನುಮಾನ ಬಂದ ತಕ್ಷಣ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಕೊನೆಗೆ ವೈಲಿಯವರು ಮುಚ್ಚುಮರೆ ಬಿಟ್ಟು, ಬೊರಾಕ್ಸನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಊಟದ ಜೊತೆ ನುಂಗಲು ಕೊಟ್ಟರು. ಹುಡುಗರು ಗೊತ್ತಿದ್ದೇ ನುಂಗಿದರು.

ದಿನ ಕಳೆದಂತೆ ಹಸಿವು ಕಡಿಮೆಯಾಯಿತು. ತಲೆನೋವು, ಹೊಟ್ಟೆನೋವು ಶುರುವಾಯಿತು. ಬೊರಾಕ್ಸ್ ಆದ ಮೇಲೆ ಸ್ಯಾಲಿಸಿಲಿಕ್ ಆಮ್ಲ, ಗಂಧಕದ ಸಲ್ಫೈಟುಗಳು, ಬೆಂಜೊಯೇಟ್, ಫಾರ್ಮಾಲ್ಡಿಹೈಡ್ ಸರದಿ ಪ್ರಕಾರ ಬಂದವು. ಕೆಲವರ ಸ್ಥಿತಿ ಹದಗೆಟ್ಟು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಹಳಬರು ಹೋದಂತೆ ಹೊಸಬರು ಬಂದು ಕೂತರು. ಸುಮಾರು ಐದು ವರ್ಷ ಹೀಗೆ ನಡೆಯಿತು.

ಇಲ್ಲಿ ಪತ್ರಿಕೆಯವರ ಪಾತ್ರವನ್ನೂ ಹೇಳಬೇಕು. ವಾಷಿಂಗ್ಟನ್ ಪೋಸ್ಟ್‌ನ ಜಾರ್ಜ್ ರಾತ್‌ವೆಲ್ ಬ್ರೌನ್ ಎಂಬ ಯುವ ವರದಿಗಾರನಿಗೆ ಈ ಊಟದ ವಾಸನೆ ಬಡಿಯಿತು. ವೈಲಿಯವರು ಬಾಯಿ ಬಿಡಲಿಲ್ಲ. ಆತ ಅಡುಗೆಯವನನ್ನು ಮಾತಾಡಿಸಿ ಸುದ್ದಿ ತೆಗೆದ, ಸಿಗದಿದ್ದಾಗ ಕಟ್ಟುಕಥೆಯನ್ನೂ ಸೇರಿಸಿದ. ಬೊರಾಕ್ಸ್ ತಿಂದ ಹುಡುಗರ ಮೈಬಣ್ಣ ಗುಲಾಬಿಯಾಗಿದೆ ಎಂದು ಬರೆದದ್ದು ಶುದ್ಧ ಸುಳ್ಳು. ಆದರೆ ಆ ವರದಿಗಳಿಂದಲೇ "ವಿಷದ ಪಡೆ" ಎಂಬ ಹೆಸರು ದೇಶವೆಲ್ಲ ಹರಡಿ, ನಮ್ಮ ತಟ್ಟೆಯಲ್ಲೂ ಇದೇ ಇದೆಯಲ್ಲ ಎಂದು ಜನ ಕೇಳತೊಡಗಿದರು. ಸುಳ್ಳಿಲ್ಲದೆಯೂ ಆ ಸುದ್ದಿ ಓಡುತ್ತಿತ್ತು ಎಂಬುದು ನಮ್ಮ ನಂಬಿಕೆ.

1906ರಲ್ಲಿ ಬದಲಾದದ್ದು ಏನು?

ವೈಲಿಯವರ ವರದಿಗಳು ಒಂದು ಕಡೆ. ಊರೂರಿನ ಮಹಿಳಾ ಸಂಘಗಳು ಸಂಸದರಿಗೆ ಬರೆದ ಪತ್ರಗಳು ಇನ್ನೊಂದು ಕಡೆ. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಅವರ "ದಿ ಜಂಗಲ್" ಕಾದಂಬರಿ ಶಿಕಾಗೋದ ಮಾಂಸದ ಕಾರ್ಖಾನೆಗಳ ಕೊಳಕನ್ನು ಬಯಲಿಗೆಳೆಯಿತು. ಅದೇ ವರ್ಷ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು. ಕಾಯ್ದೆ ಜಾರಿ ಮಾಡುವ ಹೊಣೆ ಹೊತ್ತದ್ದು ವೈಲಿಯವರ ವಿಭಾಗ. ಅದೇ ಮುಂದೆ ಬೆಳೆದು 1930ರಲ್ಲಿ ಎಫ್‌ಡಿಎ ಎಂಬ ಹೆಸರು ಪಡೆಯಿತು.

ಈ ಪ್ರಯೋಗದಲ್ಲಿ ಕೊರತೆಗಳೂ ಇದ್ದವು. ತಿಂದವರೆಲ್ಲ ಯುವಕರು, ಹೆಂಗಸರಿಲ್ಲ, ಮಕ್ಕಳಿಲ್ಲ. ಏನು ನುಂಗುತ್ತಿದ್ದೇವೆ ಎಂದು ಗೊತ್ತಿದ್ದವನಿಗೆ ಹೆದರಿಕೆಗೂ ಹೊಟ್ಟೆ ಕೆಡಬಹುದು. ವೈಲಿಯವರು ಬೇಡವೆಂದ ಬೆಂಜೊಯೇಟನ್ನು, ಕಡಿಮೆ ಪ್ರಮಾಣದಲ್ಲಿ ತೊಂದರೆಯಿಲ್ಲ ಎಂದು 1909ರಲ್ಲಿ ಇನ್ನೊಂದು ವಿಜ್ಞಾನಿಗಳ ಮಂಡಳಿ ಹೇಳಿತು. ಇವತ್ತು ಮನುಷ್ಯರಿಗೆ ಹೀಗೆ ತಿನ್ನಿಸಿ ನೋಡಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಆದರೂ ಒಂದು ದೊಡ್ಡ ಬದಲಾವಣೆ ಆಯಿತು. ಅಲ್ಲಿಯವರೆಗೆ ಪ್ರತಿಯೊಂದು ಮನೆಯೂ ಗೊತ್ತಿಲ್ಲದೆ ವಿಷ ಪರೀಕ್ಷೆಯ ಲ್ಯಾಬಾಗಿತ್ತು. ತಿಂದವರು ಸತ್ತರೆ ಅದು ಹಣೆಬರಹ. ಕಾನೂನು ಬಂದ ಮೇಲೆ ಪರೀಕ್ಷೆ ಮಾಡುವುದು ಸರ್ಕಾರದ ಕೆಲಸವಾಯಿತು, ಉತ್ತರ ಕೊಡುವುದು ಮಾರುವವನ ಕೆಲಸವಾಯಿತು. 1956ರಲ್ಲಿ, ಕಾಯ್ದೆಗೆ 50 ವರ್ಷ ತುಂಬಿದಾಗ, ವೈಲಿಯವರ ಮುಖ ಅಮೆರಿಕದ ಅಂಚೆಚೀಟಿಯ ಮೇಲೆ ಬಂತು. ಕ್ಯಾಪ್ಸೂಲ್ ನುಂಗಿದ ಗುಮಾಸ್ತರ ಹೆಸರು ಯಾರ ನೆನಪಿನಲ್ಲೂ ಇಲ್ಲ.

ನಮ್ಮ ಅಂಗಡಿ, ನಮ್ಮ ಆಲೆಮನೆ

ನಮ್ಮ ದೇಶದಲ್ಲಿ ಆಹಾರ ಕಲಬೆರಕೆ ತಡೆ ಕಾಯ್ದೆ ಬಂದದ್ದು 1954ರಲ್ಲಿ. ಈಗ ಅದರ ಜಾಗದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಇದೆ. ಆ ಹುಡುಗರು ತಿಂದ ಪದಾರ್ಥಗಳು ನಮ್ಮ ಊರಿನಲ್ಲೂ ಸಿಗುತ್ತವೆ.

ಅಂಗಡಿಯ ಸಾಸ್, ಜ್ಯೂಸ್, ಉಪ್ಪಿನಕಾಯಿ ಬಾಟಲಿ ತಿರುಗಿಸಿ ನೋಡಿ. ಎಷ್ಟೋ ಕಡೆ 211 ಎಂಬ ನಂಬರ್ ಇರುತ್ತದೆ. ಅದು ಸೋಡಿಯಂ ಬೆಂಜೊಯೇಟ್. ಇಂತಿಷ್ಟೇ ಎಂಬ ಮಿತಿಯೊಳಗೆ ಹಾಕಲು ಅನುಮತಿ ಇದೆ. ಬೊರಾಕ್ಸ್‌ಗೆ ಇಲ್ಲ. ಮಾರುವ ಹಾಲಿಗೆ ಫಾರ್ಮಲಿನ್ ಹಾಕುವಂತೆಯೇ ಇಲ್ಲ.

ಆಲೆಮನೆಯ ಕೊಪ್ಪರಿಗೆಗೆ ಬೀಳುವ ಹೈಡ್ರೋಸ್ ಕೂಡ ಗಂಧಕದ ಕುಟುಂಬದ್ದೇ. ಅದರಿಂದ ಬೆಲ್ಲದಲ್ಲಿ ಸಲ್ಫರ್ ಡೈ ಆಕ್ಸೈಡ್ ಉಳಿಯುತ್ತದೆ, ಅದಕ್ಕೂ ಕಾನೂನಿನಲ್ಲಿ ಮಿತಿ ಇದೆ. ರೈತನೊಬ್ಬನನ್ನೇ ದೂರುವುದು ಸರಿಯಲ್ಲ. ಹಳದಿ ಬೆಲ್ಲಕ್ಕೆ ಒಂದು ದರ, ಕಪ್ಪು ಬೆಲ್ಲಕ್ಕೆ ಒಂದು ದರ ಕಟ್ಟುವುದು ಮಾರುಕಟ್ಟೆ. ಬಣ್ಣ ನೋಡಿ ಕೊಳ್ಳುವುದು ನಾವು.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಹೋದ ಸ್ಯಾಂಪಲ್‌ಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಸಿಕ್ಕಿತ್ತು. ಜಾತ್ರೆಯಲ್ಲಿ ಅದನ್ನು ತಿಂದ ಮಕ್ಕಳಿಗೆ ರುಚಿಯಲ್ಲಿ ಏನೂ ಗೊತ್ತಾಗಿರಲಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ ಗೊತ್ತು. ಬಣ್ಣದ ವಿಷ ಗೊತ್ತಾಗುವುದಿಲ್ಲ. ಅದನ್ನು ಲ್ಯಾಬೇ ಹೇಳಬೇಕು.

ಲ್ಯಾಬಿಗೆ ಕಳಿಸುವುದು ಅಧಿಕಾರಿಗಳಿಗೆ ಮಾತ್ರ ಬಿಟ್ಟ ಕೆಲಸವಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 2006ರ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡವರು ಯಾರೇ ಆಗಲಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು, ಶುಲ್ಕ ಕಟ್ಟಬೇಕು. ತಪ್ಪು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್ ಪಡೆಯುವ ಹಕ್ಕಿದೆ. ಅಷ್ಟು ಆಗದಿದ್ದರೆ ನಿಮ್ಮ ಭಾಗದ ಆಹಾರ ಸುರಕ್ಷತಾಧಿಕಾರಿಗೆ ಬರಹದಲ್ಲಿ ದೂರು ಕೊಡಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ದೂರಿನಲ್ಲಿ ಅದನ್ನೂ ಬರೆಯಿರಿ.

ಆ ಹನ್ನೆರಡು ಹುಡುಗರು ಏನು ತಿನ್ನುತ್ತಿದ್ದೇವೆ ಎಂದು ತಿಳಿದು, ಒಪ್ಪಿ ತಿಂದರು. ಕಾನೂನು ಇದ್ದೂ ಪರೀಕ್ಷೆ ನಡೆಯದ ಊರಿನಲ್ಲಿ ನಮ್ಮ ಮಕ್ಕಳು ತಿಳಿಯದೆ, ದುಡ್ಡು ಕೊಟ್ಟು ಅದೇ ಕೆಲಸ ಮಾಡುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಊರಿನ ಅಂಗಡಿ, ಹೋಟೆಲುಗಳಿಂದ ಕೊನೆಯ ಸ್ಯಾಂಪಲ್ ಹೋದದ್ದು ಯಾವಾಗ?