ಭಾನುವಾರ ಚರ್ಚಿಗೆ, ಸೋಮವಾರ ಸಂತೆಗೆ

1932ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ಕಡೆಯ ಒಬ್ಬ ರೈತನ ಹೆಂಡತಿ ಫೋರ್ಡ್ ಕಂಪನಿಗೆ ಒಂದು ಕಾಗದ ಬರೆದಳಂತೆ. ವಿಷಯ ಇಷ್ಟೇ: ಭಾನುವಾರ ನಾನೂ ನನ್ನ ಗಂಡನೂ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಬೇಕು, ಸೋಮವಾರ ಅದೇ ಗಾಡಿಯಲ್ಲಿ ಹಂದಿಗಳನ್ನ ಮಾರುಕಟ್ಟೆಗೆ ಸಾಗಿಸಬೇಕು. ಅಂಥದ್ದೊಂದು ಗಾಡಿ ನೀವ್ಯಾಕೆ ಮಾಡಬಾರದು?

ಕೇಳೋಕೆ ತಮಾಷೆ ಅನ್ನಿಸುತ್ತೆ. ಆದ್ರೆ ಆ ಕಾಗದದ ಹಿಂದೆ ಒಂದು ಬ್ಯಾಂಕಿತ್ತು. ಆಗ ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಕ್ಕಿ ಒದ್ದಾಡ್ತಿದ್ದ ಕಾಲ. ರೈತ ಹೋಗಿ ಲಾರಿಗೆ ಸಾಲ ಕೊಡಿ ಅಂದ್ರೆ ಮ್ಯಾನೇಜರ್ ಯೋಚನೆ ಮಾಡ್ತಿದ್ದ, ಯಾಕಂದ್ರೆ ಅದು ದುಡಿಯೋ ಗಾಡಿ. ಕಾರಿಗೆ ಸಾಲ ಕೊಡಿ ಅಂದ್ರೆ ಬಾಗಿಲು ತೋರಿಸ್ತಿದ್ದ, ಯಾಕಂದ್ರೆ ಅದು ಶೋಕಿ. ಹಾಗಾಗಿ ಮನೆಗೊಂದೇ ಗಾಡಿ, ಅದೂ ಲಾರಿ. ಅದರ ಪಕ್ಕಕ್ಕೆ ಗಾಜಿಲ್ಲ, ಮೇಲೆ ಸರಿಯಾದ ಚಾವಣಿಯಿಲ್ಲ. ಮಳೆ ಬಂದ್ರೆ ಹಂದಿಗೂ ಹೆಂಡತಿಗೂ ಒಂದೇ ಮರ್ಯಾದೆ.

ಕಾರಿನ ಮುಖ, ಲಾರಿಯ ಬೆನ್ನು ಇರೋ ಈ ಪಿಕಪ್‌ಗಳ ಹುಚ್ಚು ನನಗೆ ಮೊದಲಿಂದ್ಲೂ ಇದೆ. ಆದ್ರೆ ಇವುಗಳ ಇತಿಹಾಸ ಓದ್ತಾ ಹೋದಂತೆ ಎಂಜಿನ್‌ಗಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಬಿದ್ದದ್ದು ಅರ್ಜಿ ನಮೂನೆಗಳು. ಇದು ಕಾರೋ ಲಾರಿಯೋ ಅಂತ ಯಾವುದೋ ಮೇಜಿನ ಹಿಂದೆ ಕೂತ ಯಾರೋ ಒಬ್ಬರು ಒಂದು ಕಾಲಂ ತುಂಬಬೇಕು. ಈ ಗಾಡಿಗಳು ಹುಟ್ಟಿದ್ದೂ ರೂಪ ಬದಲಿಸಿದ್ದೂ ಬಹುಮಟ್ಟಿಗೆ ಆ ಕಾಲಂನಿಂದಲೇ. ಲೋನ್ ಅರ್ಜಿಯಲ್ಲಿ 'ಉದ್ದೇಶ' ಅನ್ನೋ ಜಾಗದಲ್ಲಿ ಏನು ಬರೆಯೋದು ಅಂತ ತಲೆ ಕೆರೆದುಕೊಂಡವರಿಗೆಲ್ಲ ಇದು ಅರ್ಥ ಆಗುತ್ತೆ.

ಆ ಕಾಗದ ಕೊನೆಗೆ ಬಂದು ತಲುಪಿದ್ದು ಫೋರ್ಡ್‌ನ ಗೀಲಾಂಗ್ ಕಾರ್ಖಾನೆಯಲ್ಲಿದ್ದ ಲ್ಯೂ ಬ್ಯಾಂಟ್ ಅನ್ನೋ ಹುಡುಗನ ಕೈಗೆ. 1910ರಲ್ಲಿ ಹುಟ್ಟಿದವನು, ಇನ್ನೂ ಇಪ್ಪತ್ತರ ಹರೆಯ. ಕಾರಿನ ಹಿಂದೆ ಡಬ್ಬ ಕೂರಿಸೋದು ಹೊಸ ವಿಷಯವೇನಲ್ಲ, ಅಂಥ ಗಾಡಿಗಳು ಅದಾಗಲೇ ಓಡಾಡ್ತಿದ್ವು. ಆದ್ರೆ ಅವು ಬಟ್ಟೆ ಹೊದಿಕೆಯ ಕಾರಿಗೆ ಪೆಟ್ಟಿಗೆ ಅಂಟಿಸಿದಂಗಿದ್ವು. ಬ್ಯಾಂಟ್ ಮಾಡಿದ್ದು ಬೇರೆ. ಎರಡು ಬಾಗಿಲಿನ ಕೂಪೆ ಕಾರಿನ ಉಕ್ಕಿನ ಚಾವಣಿ, ಏರಿಸಿ ಇಳಿಸೋ ಗಾಜು, ಮೆತ್ತನೆ ಸೀಟು ಎಲ್ಲವನ್ನೂ ಹಾಗೇ ಇಟ್ಟುಕೊಂಡು, ಕ್ಯಾಬಿನ್‌ನ ಪಕ್ಕದ ತಗಡನ್ನೇ ಹಿಂದಕ್ಕೆ ಎಳೆದು ತೊಟ್ಟಿಯ ಗೋಡೆ ಮಾಡಿದ. ಎರಡರ ನಡುವೆ ಸಂದೇ ಇಲ್ಲ. 1200 ಪೌಂಡ್, ಅಂದ್ರೆ ಸುಮಾರು 540 ಕೆಜಿ ಹೊರುತ್ತೆ. 1934ರಲ್ಲಿ ಅದು 'ಕೂಪೆ ಯುಟಿಲಿಟಿ' ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು. ಜನ ಅದನ್ನ 'ಯೂಟ್' ಅಂತ ಮೊಟಕು ಮಾಡಿಕೊಂಡರು. ಬ್ಯಾಂಟ್ ಅದನ್ನ ಅಮೆರಿಕಕ್ಕೆ ಒಯ್ದು ತೋರಿಸಿದಾಗ ಹೆನ್ರಿ ಫೋರ್ಡ್ ಇದಕ್ಕೆ ಕಾಂಗರೂ ಅಟ್ಟಿಸೋ ಗಾಡಿ ಅಂತ ಹೆಸರಿಟ್ಟ ಅನ್ನೋ ಕಥೆಯೂ ಇದೆ.

ಬ್ಯಾಂಕಿನ ಲೆಕ್ಕದಲ್ಲಿ ಅದು ಲಾರಿ. ಚರ್ಚಿನ ಮುಂದೆ ನಿಲ್ಲಿಸಿದ್ರೆ ಕಾರು. ಇಬ್ಬರಿಗೂ ಸಮಾಧಾನ.

ಅಮೆರಿಕನ್ನರು ಇದನ್ನ ಗಂಭೀರವಾಗಿ ತಗೊಂಡದ್ದು ಇಪ್ಪತ್ತು ವರ್ಷ ದಾಟಿದ ಮೇಲೆ. 1957ಕ್ಕೆ ಫೋರ್ಡ್ 'ರಾಂಚೆರೊ' ಬಿಟ್ಟಿತು. 1959ಕ್ಕೆ ಶೆವರ್ಲೆ 'ಎಲ್ ಕಮೀನೊ' ಬಿಟ್ಟಿತು. ಆದ್ರೆ ಅಲ್ಲಿ ಹಂದಿಯೂ ಇಲ್ಲ, ಬ್ಯಾಂಕಿನ ಗೋಳೂ ಇಲ್ಲ. ಯುದ್ಧ ಮುಗಿದು ದುಡ್ಡು ಬಂದಿತ್ತು, ಊರಾಚೆ ಹೊಸ ಬಡಾವಣೆಗಳೆದ್ದಿದ್ವು. ವಾರವೆಲ್ಲ ಆಫೀಸು, ಶನಿವಾರ ಹಿತ್ತಲಿಗೆ ಮರಳು ಮಣ್ಣು ತರಬೇಕು, ಆದ್ರೆ ಗಾಡಿ ನೋಡಿದವರು ಲಾರಿ ಅನ್ನಬಾರದು. 1959ರ ಎಲ್ ಕಮೀನೊದ ಹಿಂಬದಿ ನೋಡಿದ್ರೆ ಹಾರೋಕೆ ರೆಕ್ಕೆ ಬಿಚ್ಚಿದ ಹದ್ದಿನ ಹಂಗಿದೆ. 1970ರ ಹೊತ್ತಿಗಂತೂ ಅದಕ್ಕೆ 454 ಕ್ಯೂಬಿಕ್ ಇಂಚಿನ, ಅಂದ್ರೆ 7.4 ಲೀಟರಿನ, 450 ಹಾರ್ಸ್‌ಪವರ್ ಎಂಜಿನ್ ಕೂಡ ಸಿಗ್ತಿತ್ತು. ಇಷ್ಟು ಶಕ್ತಿ ಇಟ್ಕೊಂಡು ಹಂದಿ ಸಾಗಿಸಿದ್ರೆ ಹಂದಿ ಸಂತೆಗಿಂತ ಮೊದಲು ಸ್ವರ್ಗ ಸೇರ್ತಿತ್ತು.

ಇಲ್ಲಿಂದ ಕಥೆಗೆ ಕೋಳಿ ಬರುತ್ತೆ, ತಮಾಷೆಯಲ್ಲ. 1960ರ ದಶಕದ ಮೊದಲಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಯುರೋಪಿನ ಮಾರುಕಟ್ಟೆಗೆ ನುಗ್ಗಿತ್ತು. ತಮ್ಮ ರೈತರನ್ನ ಉಳಿಸಿಕೊಳ್ಳೋಕೆ ಪಶ್ಚಿಮ ಜರ್ಮನಿ, ಫ್ರಾನ್ಸ್ ಎಲ್ಲ ಸೇರಿ ಅದರ ಮೇಲೆ ಸುಂಕ ಏರಿಸಿದ್ವು. ಅದಕ್ಕೆ ಸೇಡು ಅಂತ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಆಲೂಗೆಡ್ಡೆ ಪಿಷ್ಟ, ಡೆಕ್ಸ್ಟ್ರಿನ್, ಬ್ರಾಂಡಿ ಮತ್ತೆ ಸಣ್ಣ ಟ್ರಕ್‌ಗಳ ಆಮದಿನ ಮೇಲೆ ಶೇ 25 ಸುಂಕ ಹಾಕಿದ. ಏಟು ಬೀಳಬೇಕಿದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ. ಜಗಳ ಆಡಿದವರೆಲ್ಲ ಮಣ್ಣಾದರು, ಕೋಳಿಯ ಮಾತು ಜನ ಮರೆತರು, ಟ್ರಕ್ ಮೇಲಿನ ಸುಂಕ ಮಾತ್ರ ಹಾಗೇ ಉಳೀತು. ಅದಕ್ಕೆ ಇವತ್ತಿಗೂ 'ಚಿಕನ್ ಟ್ಯಾಕ್ಸ್' ಅಂತಲೇ ಹೆಸರು.

ಜಪಾನಿನ ಸುಬಾರು ಕಂಪನಿ 1970ರ ದಶಕದ ಕೊನೆಯಲ್ಲಿ 'ಬ್ರ್ಯಾಟ್' ಅನ್ನೋ ಪುಟ್ಟ ಪಿಕಪ್ಪನ್ನ ಅಮೆರಿಕಕ್ಕೆ ತಂತು. ಕಾರಿನಿಂದ ಮಾಡಿದ ಗಾಡಿ. ಲಾರಿ ಅಂದ್ರೆ ಶೇ 25, ಕಾರು ಅಂದ್ರೆ ಅದರ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಸುಂಕ. ಸುಬಾರುನವರು ಏನು ಮಾಡಿದ್ರು ಗೊತ್ತಾ? ತೆರೆದ ತೊಟ್ಟಿಯೊಳಗೆ ಹಿಂದಕ್ಕೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಸೀಟು ಜೋಡಿಸಿ, ಹಿಡ್ಕೊಳ್ಳೋಕೆ ಹಿಡಿಕೆ ಕೊಟ್ಟು, ಕೆಳಗೆ ಕಾರ್ಪೆಟ್ ಹಾಸಿದ್ರು. ನೋಡಿ ಸ್ವಾಮಿ, ಇದು ನಾಲ್ಕು ಜನ ಕೂರೋ ಕಾರು! ಸುಂಕದವರು ಒಪ್ಪಿದರು. ರೊನಾಲ್ಡ್ ರೇಗನ್ ತಮ್ಮ ಕ್ಯಾಲಿಫೋರ್ನಿಯಾದ ರಾಂಚಿನಲ್ಲಿ ಇಟ್ಟುಕೊಂಡಿದ್ದು ಇಂಥದ್ದೇ 1978ರ ಬ್ರ್ಯಾಟ್. ಇವತ್ತು ಬ್ರ್ಯಾಟ್ ರಿಸ್ಟೋರ್ ಮಾಡೋರು ಹುಡುಕಾಡೋದು ಎಂಜಿನ್ ಬಿಡಿಭಾಗಕ್ಕಿಂತ ಹೆಚ್ಚಾಗಿ ಆ ಎರಡು ಪ್ಲಾಸ್ಟಿಕ್ ಸೀಟುಗಳನ್ನ. ಸುಂಕ ತಪ್ಪಿಸೋಕೆ ಹಾಕಿದ ನೆಪವೇ ಈಗ ಆ ಗಾಡಿಯ ಕಿರೀಟ.

ನಮ್ಮ ಕಡೆ ಈ ಜಾತಿ ಯಾಕೆ ಬೆಳೀಲಿಲ್ಲ ಅಂತ ಯೋಚಿಸಿದ್ದೀನಿ. ಕಾರಣಗಳು ಹಲವು ಇರಬಹುದು, ಆದ್ರೆ ನಮ್ಮಲ್ಲೂ ಒಂದು ಕಾಲಂ ಇದೆ ನೋಡಿ. ಸರಕಿನ ಗಾಡಿ ಅಂತ ಆರ್‌ಟಿಒ ಬರೆದುಕೊಂಡ್ರೆ ಯೆಲ್ಲೋ ಬೋರ್ಡ್, ಎಫ್‌ಸಿ, ಬೇರೆ ಲೆಕ್ಕದ ಟ್ಯಾಕ್ಸು. ಅದರಲ್ಲಿ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಮದುವೆಗೆ ಹೋಗೋ ಉಮೇದು ಯಾರಿಗೆ? ಹಾಗಾಗಿ ಟಾಟಾದವರು ಲೆಕ್ಕ ತಿರುಗಿಸಿದ್ರು. ಮೊದಲು 1988ರಲ್ಲಿ ಟಾಟಾಮೊಬೈಲ್ ಪಿಕಪ್ ಮಾಡಿ, ಅದೇ ಚಾಸಿ ಮೇಲೆ 1991ರಲ್ಲಿ ಸಿಯೆರಾ ಕೂರಿಸಿದ್ರು. ಬೇರೆಯವರು ಕಾರಿನಿಂದ ಪಿಕಪ್ ಮಾಡಿದ್ರೆ, ನಾವು ಪಿಕಪ್ಪಿನಿಂದ ಕಾರು ಮಾಡಿದ್ವಿ.

ಅಮೆರಿಕದಲ್ಲಿ ರಾಂಚೆರೊ 1979ಕ್ಕೆ ನಿಂತಿತು, ಎಲ್ ಕಮೀನೊ 1987ಕ್ಕೆ. ಸಣ್ಣದಾದ, ಅಗ್ಗದ, ಅಪ್ಪಟ ಪಿಕಪ್‌ಗಳು ಅದೇ ಶೋರೂಮಿನಲ್ಲಿ ಪಕ್ಕದಲ್ಲೇ ನಿಂತಿದ್ದಾಗ ಎರಡು ದೋಣಿಯಲ್ಲಿ ಕಾಲಿಟ್ಟ ಗಾಡಿ ಯಾರಿಗೂ ಬೇಡವಾಯ್ತು. ಆಸ್ಟ್ರೇಲಿಯಾದಲ್ಲಿ ಯೂಟ್ ಗಟ್ಟಿಯಾಗಿ ಉಳೀತು. 1951ರಿಂದ ಹೋಲ್ಡನ್ ಕಂಪನಿಯೂ ತನ್ನ ಯೂಟ್ ಮಾಡ್ತಾ ಬಂತು. ಫೋರ್ಡಾ ಹೋಲ್ಡನ್ನಾ ಅನ್ನೋದು ಅಲ್ಲಿ ಮನೆ ಒಡೆಯೋ ಅಷ್ಟು ದೊಡ್ಡ ಪ್ರಶ್ನೆಯಾಗಿತ್ತು. ಡೆನಿಲಿಕ್ವಿನ್ ಅನ್ನೋ ಸಣ್ಣ ಊರಲ್ಲಿ 1999ರಿಂದ 'ಯೂಟ್ ಮಸ್ಟರ್' ಅನ್ನೋ ಜಾತ್ರೆಯೇ ಶುರುವಾಯ್ತು. ಒಂದೇ ಬಯಲಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಯೂಟ್ ಸೇರಿ ದಾಖಲೆ ಮಾಡಿದ್ದೂ ಉಂಟು. ಆದ್ರೆ ಚಿಕ್ಕ ದೇಶ, ದುಬಾರಿ ಉತ್ಪಾದನೆ, ಆಮದು ಸುಂಕವೂ ಇಳಿದಿತ್ತು. ಜನ ಥಾಯ್ಲೆಂಡಿನಿಂದ ಬರೋ ನಾಲ್ಕು ಬಾಗಿಲಿನ ಪಿಕಪ್‌ಗಳ ಕಡೆ ತಿರುಗಿದ್ರು. 2016ರಲ್ಲಿ ಫೋರ್ಡ್ ಬಾಗಿಲು ಹಾಕಿತು. 2017ರ ಅಕ್ಟೋಬರ್ 20ಕ್ಕೆ ಎಲಿಜಬೆತ್ ಊರಿನ ಹೋಲ್ಡನ್ ಕಾರ್ಖಾನೆಯೂ ಮುಚ್ಚಿತು. ಸಾವಿರಾರು ಜನರ ಕೆಲಸದ ಜೊತೆಗೆ ಯೂಟೂ ಹೋಯ್ತು.

ಹಾಗಂತ ಈ ಐಡಿಯಾ ಸತ್ತಿಲ್ಲ. ಬ್ರೆಜಿಲ್‌ನಲ್ಲಿ 2021ರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಗಾಡಿ ಫಿಯೆಟ್ ಸ್ಟ್ರಾಡಾ, ಕಾರಿನಿಂದ ಹುಟ್ಟಿದ ಪುಟ್ಟ ಪಿಕಪ್. ಹಳೇ ಯೂಟ್‌ಗಳ ಪ್ರಾಣ ಮಾತ್ರ ಈಗ ರಿಸ್ಟೋರ್ ಮಾಡೋರ ಕೈಲಿದೆ. ಆ ಸಾಲಿನಲ್ಲಿ ಬ್ಯಾಂಟ್ ಕೂಡ ಒಬ್ಬ. ನಿವೃತ್ತಿಯಾದ ಮೇಲೆ ಒಂದು ಹಳೇ ಫೋರ್ಡ್ ಯೂಟನ್ನ ಹಿಡಿದು ಹೊಸದರ ಹಾಗೆ ಮಾಡಿ ಓಡಿಸ್ತಿದ್ದ. 1987ರಲ್ಲಿ ಅದರಲ್ಲೇ ಹೋಗ್ತಿದ್ದಾಗ ಅಪಘಾತವಾಗಿ ತೀರಿಕೊಂಡ.

ಈ ಕೆಲಸದ ಕಷ್ಟ ಏನು ಅಂತ ನನಗೆ ಗೊತ್ತಾಗಿದ್ದು ಪ್ರಾಜೆಕ್ಟ್ ಮೇಲೆ ಒಂದು ವರ್ಷ ಮೆಲ್ಬರ್ನ್‌ನಲ್ಲಿದ್ದಾಗ. ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ವೆಲ್ಡರ್ ಇದ್ದರು. ಅವರ ಶೆಡ್ಡಲ್ಲಿ 1972ರ ಹೋಲ್ಡನ್ ಯೂಟ್, ಅವರಪ್ಪ ಕುರಿ ಸಾಕಣೆಗೆ ಇಟ್ಟುಕೊಂಡಿದ್ದು. ನಾನು ಶನಿವಾರ ಟೀ ಹಿಡ್ಕೊಂಡು ಹೋಗಿ ನಿಲ್ತಿದ್ದೆ.

"ಮುಂದಿನ ಅರ್ಧ ಸುಲಭ ಕಣಪ್ಪಾ, ಕಷ್ಟ ಎಲ್ಲ ಹಿಂದಿನ ಅರ್ಧದ್ದು" ಅಂದ್ರು ಒಂದಿನ. ಬಾನೆಟ್, ಹೆಡ್‌ಲೈಟ್, ಮುಂದಿನ ಗಾಜು ಎಲ್ಲ ಅದೇ ಕಾಲದ ಕಾರಿನವೇ, ಇವತ್ತಿಗೂ ಸಿಗುತ್ತೆ. ತೊಟ್ಟಿಯ ತಗಡು, ಹಿಂಬಾಗಿಲು, ಕ್ಯಾಬಿನ್ನಿನ ಹಿಂದಿನ ಗಾಜು ಮಾತ್ರ ಯೂಟಿನದ್ದೇ ಆಗಬೇಕು. ಕಾರುಗಳು ಶೆಡ್ಡಲ್ಲಿ ನೆರಳಲ್ಲಿ ಬಾಳಿದ್ವು. ಯೂಟ್‌ಗಳು ಕುರಿ, ಸಿಮೆಂಟು, ಒದ್ದೆ ಹುಲ್ಲು ಹೊತ್ತು ಬಯಲಲ್ಲಿ ಸತ್ತವು. ತುಕ್ಕು ಹಿಡಿಯೋದು ಅಲ್ಲೇ, ಬಿಡಿಭಾಗ ಸಿಗದೇ ಇರೋದೂ ಅಲ್ಲೇ. ಎಲ್ ಕಮೀನೊದ್ದೂ ಇದೇ ಹಾಡು. 1959ರದ್ದರ ತೊಟ್ಟಿಯ ನೆಲದ ತಗಡು 26 ಬೋಲ್ಟ್‌ಗಳ ಮೇಲೆ ಕೂತಿದೆ. ಅದನ್ನ ಬಿಚ್ಚಿದ್ರೆ ಕೆಳಗೆ ಸ್ಟೇಷನ್ ವ್ಯಾಗನ್ ಕಾರಿನ ನೆಲ ಹಾಗೇ ಸಿಗುತ್ತೆ. ಲಾರಿಯ ಅಡಿಯಲ್ಲಿ ಬಚ್ಚಿಟ್ಟ ಕಾರು. ಅರವತ್ತು ವರ್ಷದ ನೀರು ಇಳಿದು ನಿಂತಿರೋ ಜಾಗವೂ ಅದೇ.

ಅವರು ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದರು, ಟಿಂಕರಿಂಗ್ ಮುಗಿಸಿದರು, ಹೊರಗೆಲ್ಲ ಪೇಂಟು ಹೊಡೆದರು. ಆದ್ರೆ ಹಿಂಬಾಗಿಲಿನ ಒಳಮೈಯಲ್ಲಿ ನೆಗ್ಗಿದ ಗುರುತುಗಳನ್ನ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದೆ. ಟಗರು ಒದ್ದದ್ದಂತೆ. "ಅದಕ್ಕೆ ಪುಟ್ಟಿ ತುಂಬಿದ್ರೆ ನಮ್ಮಪ್ಪ ದುಡಿದೇ ಇಲ್ಲ ಅಂದಂಗಾಗುತ್ತೆ" ಅಂದರು.

ಅವರ ಕ್ಲಬ್ಬಿನಲ್ಲೇ ಈ ಬಗ್ಗೆ ಎರಡು ಪಂಗಡ. ಒಬ್ಬರದ್ದು, ತೊಟ್ಟಿಗೆ ಕನ್ನಡಿ ಥರ ಹೊಳೆಯೋ ಪೇಂಟು, ಮೇಲೆ ಹೊದಿಕೆ, ಒಂದು ಮೂಟೆಯನ್ನೂ ಇಡಬಾರದು. ಇನ್ನೊಬ್ಬರದ್ದು, ಭಾರ ಹೊರದ ಯೂಟ್ ಯೂಟೇ ಅಲ್ಲ. ಮೊದಲನೆಯವರನ್ನ ನಾನು ಬಯ್ಯಲಾರೆ. ಅವರು ಅಷ್ಟು ಜೋಪಾನ ಮಾಡದಿದ್ರೆ ನಮಗೆ ನೋಡೋಕೂ ಉಳೀತಿರಲಿಲ್ಲ. ಆದ್ರೆ ಭಾರ ಇಳಿಸಿಬಿಟ್ಟ ಮೇಲೆ ಅದು ಬರೀ ಹಿಂದಿನ ಸೀಟಿಲ್ಲದ ಕಾರು. ಎರಡೂ ಆಗಿರೋ ಹಕ್ಕಿಗಾಗಿ ಹುಟ್ಟಿದ ಗಾಡಿಯನ್ನ ನಾವೇ ಒಂದು ಕಾಲಂಗೆ ತಳ್ಳಿದಂಗೆ.

ಕಾಲಂ ಅಂದ್ನಲ್ಲ, ಅದು ಇಲ್ಲೂ ಬಿಟ್ಟಿಲ್ಲ. ವಿಕ್ಟೋರಿಯಾದಲ್ಲಿ 25 ವರ್ಷ ದಾಟಿದ ಗಾಡಿಗಳಿಗೆ ಕ್ಲಬ್ ಪರ್ಮಿಟ್ ಅಂತ ಒಂದಿದೆ. ಕಡಿಮೆ ಖರ್ಚು, ಆದ್ರೆ ವರ್ಷಕ್ಕೆ 45 ದಿನ ಅಥವಾ 90 ದಿನ ಮಾತ್ರ ರಸ್ತೆಗಿಳಿಸಬಹುದು. ಇಳಿಸೋ ದಿನ ಹೊರಡೋಕೆ ಮುಂಚೆ ಲಾಗ್‌ಬುಕ್ಕಲ್ಲಿ ತಾರೀಖು ಬರೆಯಬೇಕು. ಕಾರೂ ಅಲ್ಲ, ಲಾರಿಯೂ ಅಲ್ಲ, ಈಗ ಅದು 'ಹಳೇ ಗಾಡಿ'.

ನಮ್ಮ ವೆಲ್ಡರ್ ಸಾಹೇಬರ ಯೂಟ್ ತಯಾರಾಗಿ ಪರ್ಮಿಟ್ ಬಂದ ದಿನ, ಇವರು ಮೊದಲು ಯಾವುದೋ ಕಾರ್ ಶೋಗೆ ಹೋಗ್ತಾರೆ ಅಂದ್ಕೊಂಡಿದ್ದೆ. ಅವರು ಲಾಗ್‌ಬುಕ್ ತೆಗೆದು ತಾರೀಖು ಬರೆದು ಸಹಿ ಹಾಕಿ, ಗಾಡಿ ಹತ್ತಿ ಹೋಗಿ, ಒಂದು ಗಂಟೆ ಬಿಟ್ಟು ಬಂದರು. ತೊಟ್ಟಿ ತುಂಬ ಕುರಿ ಗೊಬ್ಬರ. ನಾನು ಮೂಗು ಮುಚ್ಚಿಕೊಂಡಿದ್ದು ನೋಡಿ ನಕ್ಕು, ಕೈಗೊಂದು ಸಲಿಕೆ ಕೊಟ್ಟರು.